ಊಟವಾದ ಮೇಲಿನ ರಕ್ತ

ಕೊಬ್ಬಿನ ಅಂಶದ ರಕ್ತಪರೀಕ್ಷೆ ಎಂದರೆ ರಾತ್ರಿಯಿಡೀ ಉಪವಾಸವಿದ್ದು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲುವುದು ಎಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಆದರೆ ಮೂರು ಹೊತ್ತು ಉಣ್ಣುವವನ ರಕ್ತ ದಿನದ ಬಹುಪಾಲು ಉಪವಾಸದ ರಕ್ತವಲ್ಲವಷ್ಟೆ! ಜಿಡ್ಡಿನ ಊಟವಾದ ಮೂರು-ನಾಲ್ಕು ಗಂಟೆಗಳ ಬಳಿಕ ತೆಗೆದ ರಕ್ತದ ತಿಳಿಭಾಗ ಹಾಲು ಬೆರೆಸಿದಂತೆ ಮಬ್ಬಾಗಿರುವುದುಂಟು. ಈ ಮಬ್ಬಿಗೂ ಹೃದಯಕ್ಕೂ ಏನು ನಂಟು ಎಂದು ಕೇಳಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು.

ರಕ್ತನಾಳ ದಪ್ಪಗಟ್ಟುವುದು ಒಂದು ಬಗೆಯ ಉರಿಯೂತ ಎಂದು ಜರ್ಮನಿಯ ರುಡಾಲ್ಫ್ ವಿರ್ಚೋ 1856ರಲ್ಲೇ ಹೇಳಿದ್ದರು. ಆ ಮಾತು ಹಿಂದೆ ಸರಿಯಲು ಕಾರಣ, ವಿಚಿತ್ರವೆಂದರೆ, ಒಂದು ಒಳ್ಳೆಯ ಪ್ರಯೋಗ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಗ್ನಾಟೋವ್‌ಸ್ಕಿ ಎಂಬ ವೈದ್ಯರು ಮೊಲಗಳಿಗೆ ಮಾಂಸ, ಮೊಟ್ಟೆ, ಹಾಲು ತಿನ್ನಿಸಿ, ಅವುಗಳ ನಾಳ ಕೆಟ್ಟದ್ದನ್ನು ಕಂಡು ಪ್ರೋಟೀನನ್ನು ದೂರಿದ್ದರು. ಅದೇ ನಗರದ ನಿಕೊಲಾಯ್ ಅನಿಚ್ಕೋವ್ 1913ರಲ್ಲಿ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಉಣಿಸಿದರು. ಬರೀ ಎಣ್ಣೆ ಕುಡಿದ ಮೊಲಗಳಿಗೆ ಏನೂ ಆಗಲಿಲ್ಲ. ಉಳಿದವುಗಳ ನಾಳಗಳಲ್ಲಿ ಕೊಬ್ಬು ಕಟ್ಟಿತ್ತು. ಹುಲ್ಲು ತಿನ್ನುವ ಮೊಲಕ್ಕೂ ಮನುಷ್ಯನಿಗೂ ಎಲ್ಲಿಯ ಹೋಲಿಕೆ ಎಂದು ಮೂಗು ಮುರಿದವರಿದ್ದರು. ಕಡೆಗೆ ಕೊಲೆಸ್ಟರಾಲಿನ ವಾದ ಗೆದ್ದಿತು, ಉರಿಯೂತ ಮೂಲೆ ಸೇರಿತು.

ಅದನ್ನು ಅಳೆಯುವ ಕೋಲು ಮಾತ್ರ 1930ರಲ್ಲೇ ಸಿಕ್ಕಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ವಸ್ತುವೇ ಇಂದಿನ ಸಿಆರ್‌ಪಿ. ಅದಕ್ಕೂ ಹೃದಯಕ್ಕೂ ಗಂಟು ಬಿದ್ದದ್ದು 1997ರಲ್ಲಿ. ಆರೋಗ್ಯವಂತರಂತೆಯೇ ಕಾಣುತ್ತಿದ್ದ ಅಮೆರಿಕದ ಪುರುಷ ವೈದ್ಯರಲ್ಲಿ ಸಿಆರ್‌ಪಿ ಅತಿ ಹೆಚ್ಚಿದ್ದವರಿಗೆ, ಅತಿ ಕಡಿಮೆ ಇದ್ದವರಿಗಿಂತ, ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು ಎಂದು ಪಾಲ್ ರಿಡ್ಕರ್ ತಂಡ ತೋರಿಸಿತು.

ಊಟದ ಪ್ರಶ್ನೆ ಎತ್ತಿದವರು ಡೊನಾಲ್ಡ್ ಜಿಲ್ವರ್ಸ್ಮಿಟ್. ಕರುಳಿನಿಂದ ಬಂದ ಕೊಬ್ಬಿನ ಕಣಗಳು ಕರಗಿ ಉಳಿದ ಚೂರುಗಳೇ ನಾಳದ ಗೋಡೆಗೆ ಸೇರುತ್ತವೆ, ನಾಳ ಕೆಡುವುದು ಊಟದ ನಂತರದ ಗಂಟೆಗಳಲ್ಲಿ ಎಂದು ಅವರು 1979ರಲ್ಲಿ ವಾದಿಸಿದರು. 1997ರಲ್ಲಿ ಅಮೆರಿಕದಲ್ಲೇ ಹತ್ತು ಆರೋಗ್ಯವಂತರಿಗೆ 50 ಗ್ರಾಂ ಕೊಬ್ಬಿನ ಒಂದೇ ಊಟ ಕೊಟ್ಟು ನೋಡಿದಾಗ ಅವರ ತೋಳಿನ ರಕ್ತನಾಳ ಹಿಗ್ಗುವ ಶಕ್ತಿ ಕೆಲವು ಗಂಟೆಗಳ ಕಾಲ ಕುಗ್ಗಿತು. ಅಷ್ಟೇ ಕ್ಯಾಲೊರಿಯ, ಕೊಬ್ಬಿಲ್ಲದ ಊಟಕ್ಕೆ ಹಾಗಾಗಲಿಲ್ಲ. ಹತ್ತೇ ಜನ, ನಿಜ. ಒಂದು ಊಟಕ್ಕೆ ಸಿಆರ್‌ಪಿ ಸಾಮಾನ್ಯವಾಗಿ ಅಲುಗುವುದೂ ಇಲ್ಲ. ಉರಿಯೂತದ ಮತ್ತೊಂದು ಸೂಚಿ ಇಂಟರ್‌ಲ್ಯೂಕಿನ್-6 ಏರುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಹೀಗಾಗಿ ಹಬ್ಬದೂಟದ ಮರುದಿನ ಸಿಆರ್‌ಪಿ ಪರೀಕ್ಷೆಗೆ ಓಡಿ ಫಲವಿಲ್ಲ.

ವಿರ್ಚೋ ಮಾತಿಗೆ ನೇರ ಸಾಕ್ಷ್ಯ ದೊರೆತದ್ದು 2017ರಲ್ಲಿ. ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಕೆನಕಿನುಮ್ಯಾಬ್ ಔಷಧಿಯಿಂದ, ಒಮ್ಮೆ ಹೃದಯಾಘಾತವಾಗಿದ್ದವರಲ್ಲಿ ಮತ್ತೆ ಆಘಾತಗಳಾಗುವುದು ಶೇಕಡಾ 15ರಷ್ಟು ಕಡಿಮೆಯಾಯಿತು. ಆದರೆ ಮಾರಕ ಸೋಂಕುಗಳು ತುಸು ಹೆಚ್ಚಿದವು.

ಇನ್ನು ಬರಿಹೊಟ್ಟೆಯ ವಿಚಾರ. ಡೆನ್ಮಾರ್ಕ್ 2009ರಲ್ಲೇ ಆ ಕಟ್ಟುಪಾಡು ಸಡಿಲಿಸಿತು. 2016ರಲ್ಲಿ ಯುರೋಪಿನ ತಜ್ಞರೂ ಕೊಬ್ಬಿನ ಸಾಮಾನ್ಯ ಪರೀಕ್ಷೆಗೆ ಉಪವಾಸ ಬೇಕಿಲ್ಲ, ಟ್ರೈಗ್ಲಿಸರೈಡ್ ಬಹಳ ಏರಿದ್ದವರಿಗೆ ಮತ್ತೊಮ್ಮೆ ಉಪವಾಸದಲ್ಲಿ ನೋಡಿದರಾಯಿತು ಎಂದರು.