ಉಳಿದ ಮಹಲು, ಅಳಿದ ಮಹಲು

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ತನ್ನು ನೋಡದೆ ಮರಳುವುದಿಲ್ಲ. ಆದರೆ ಟಿಪ್ಪು ವಾಸವಾಗಿದ್ದ ಅರಮನೆ ಅದಲ್ಲ. ಕೋಟೆಯೊಳಗಿನ ಲಾಲ್ ಮಹಲ್ ಎಂಬುದನ್ನು ನೆನೆಯುವವರು ವಿರಳ. ಅಲ್ಲಿ ಉಳಿದಿರುವುದು ತಳಪಾಯದ ಕುರುಹು ಮಾತ್ರ.

ಎರಡೂ ಒಬ್ಬನೇ ದೊರೆಯವು. 1799ರಲ್ಲಿ ಎರಡೂ ಆಂಗ್ಲರ ವಶವಾದವು. ದರಿಯಾ ದೌಲತ್ತಿನಲ್ಲಿ ಕರ್ನಲ್ ವೆಲ್ಲೆಸ್ಲಿ ಬಿಡಾರ ಹೂಡಿದನು, ಅದು ಉಳಿಯಿತು. ಲಾಲ್ ಮಹಲು ಯಾರಿಗೂ ಬೇಡವಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೆಡವಿದರು. ಅದರ ತೊಲೆಗಳು ಘಟ್ಟವೇರಿ ಉದಕಮಂಡಲಕ್ಕೆ ಹೋಗಿ, 1829ರಲ್ಲಿ ಅಡಿಗಲ್ಲಿಟ್ಟ ಸೇಂಟ್ ಸ್ಟೀಫನ್ ಇಗರ್ಜಿಯ ಮಾಡನ್ನು ಹೊತ್ತವು. ಮರ ಬದುಕಿತು, ಮನೆ ಅಳಿಯಿತು.

ಹಾಗಾದರೆ ಬಳಕೆಯೊಂದೇ ಕಟ್ಟಡವನ್ನು ಕಾಯಬಲ್ಲುದೆ? ಅದೂ ಸಾಲದು. ನ್ಯೂಯಾರ್ಕಿನಲ್ಲಿ 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣ ಕಲ್ಲುಕಂಬಗಳ ಭವ್ಯ ಸೌಧ. ಪ್ರಯಾಣಿಕರು ಬಂದುಹೋಗುತ್ತಿದ್ದಂತೆಯೇ 1963ರಲ್ಲಿ ಅದನ್ನು ಒಡೆಯತೊಡಗಿದರು. ಕಂಬಗಳ ಚೆಲುವಿಗಿಂತ ನೆಲದ ಬೆಲೆ ಹೆಚ್ಚಾಗಿತ್ತು. ಊರು ಮರುಗಿತು; ಹಳೆಯ ಕಟ್ಟಡಗಳನ್ನು ಕಾಯುವ ಕಾನೂನು 1965ರಲ್ಲಿ ಬಂದಿತು. ನಿಲ್ದಾಣದ ಪಾಲಿಗೆ ಅದು ತಡವಾಗಿತ್ತು.

ನಮ್ಮ ಬೆಂಗಳೂರಿನ ಅಠಾರಾ ಕಚೇರಿಗೂ ಇಂಥ ಗಂಡಾಂತರ ಬಂದುದುಂಟು. 1868ರಿಂದ ನಾಡಿನ ಆಡಳಿತ ಕಂಡ ಆ ಕೆಂಪು ಕಟ್ಟಡವನ್ನು ಕೆಡವುವ ಮಾತು 1980ರ ದಶಕದಲ್ಲಿ ಹೊರಟಿತು. ನಾಗರಿಕರು ಸುಮ್ಮನಿರಲಿಲ್ಲ, ನ್ಯಾಯಾಲಯದವರೆಗೂ ಹೋದರು. ಕಟ್ಟಡ ಉಳಿಯಿತು, ಹೈಕೋರ್ಟು ಇಂದಿಗೂ ಅಲ್ಲಿಯೇ ಇದೆ.

ಲಾಲ್ ಮಹಲಿನ ಪರವಾಗಿ ಮಾತನಾಡಬಲ್ಲ ಪ್ರಜೆ ಅಂದು ಇರಲಿಲ್ಲ. ಗೆದ್ದವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಇಂದು ಕೇಳದೆ ಕೆಡವಿದರೆ, ಕೇಳದಿದ್ದವರಷ್ಟೇ ಹೇಳದಿದ್ದವರೂ ಹೊಣೆಗಾರರು.