ಏಕದಳ ಬೆಳೆಯ ಬೇರಿನಲ್ಲಿ ಅಜೋಸ್ಪಿರಿಲಂ

ದ್ವಿದಳ ಧಾನ್ಯಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಿಡ ಗಾಳಿಯ ಸಾರಜನಕವನ್ನು ಪಡೆಯುತ್ತದೆಂದು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್‌ಫಾರ್ಥ್ 1886ರಲ್ಲಿ ತೋರಿಸಿದರು. ಭತ್ತ, ಜೋಳ, ರಾಗಿಗಳ ಬೇರಿನಲ್ಲಿ ಅಂಥ ಗಂಟುಗಳಿಲ್ಲ. ಹೀಗಾಗಿ ಅವು ಮಣ್ಣಿನ ಸಾರವನ್ನಷ್ಟೇ ನಂಬಿದ ಬೆಳೆಗಳು ಎಂಬ ಎಣಿಕೆ ಬಹುಕಾಲ ಉಳಿಯಿತು. ನೆದರ್ಲೆಂಡ್ಸ್‌ನ ಬೈಯರಿಂಕ್ 1925ರಲ್ಲಿ ಸ್ಪಿರಿಲಂ ಲಿಪೊಫೆರಂ ಎಂಬ, ಗಾಳಿಯ ಸಾರಜನಕ ಹಿಡಿಯಬಲ್ಲ ಸುರುಳಿ ಆಕಾರದ ಬ್ಯಾಕ್ಟೀರಿಯಾವನ್ನು ವಿವರಿಸಿದರೂ ಸುಮಾರು ಅರ್ಧ ಶತಮಾನ ಅದರತ್ತ ಗಮನ ಹರಿದದ್ದು ಕಡಿಮೆ.

ಅದನ್ನು ಮತ್ತೆ ಮುನ್ನೆಲೆಗೆ ತಂದವರು ಯೊಹಾನಾ ಡೊಬರೈನರ್. 1924ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಅವರು ಯುದ್ಧಾನಂತರ ಬ್ರೆಜಿಲ್ ಸೇರಿ, ರಿಯೊ ಸಮೀಪದ ಸೆರೊಪೆಡಿಕಾದಲ್ಲಿ ಮಣ್ಣಿನ ಜೀವಿಗಳ ಅಧ್ಯಯನಕ್ಕೆ ತೊಡಗಿದರು. ಗೊಬ್ಬರ ಕೊಳ್ಳಲಾಗದ ಉಷ್ಣವಲಯದ ರೈತರಿಗೆ ಈ ಜೀವಿಗಳಿಂದ ಪ್ರಯೋಜನವಾಗಬೇಕೆಂಬ ಹಂಬಲ ಅವರದು. 1970ರ ದಶಕದ ನಡುವೆ ಅವರು ಮತ್ತು ಸಹಸಂಶೋಧಕ ಡೇ ಹುಲ್ಲಿನ ಬೇರುಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದೇ ಹೊತ್ತಿಗೆ ತೈಲ ಬಿಕ್ಕಟ್ಟಿನಿಂದ ಗೊಬ್ಬರದ ಬೆಲೆ ಏರಿ, ಜಗತ್ತಿನ ಆಸಕ್ತಿಯೂ ಇತ್ತ ತಿರುಗಿತು.

ಅವರ ಯಶಸ್ಸಿನ ಗುಟ್ಟು ಒಂದು ಸಣ್ಣ ಸೀಸೆಯಲ್ಲಿತ್ತು. ಸಾರಜನಕವನ್ನು ಹಿಡಿದಿಡುವ ಕಿಣ್ವ ಆಮ್ಲಜನಕ ಹೆಚ್ಚಾದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಸ್ವಲ್ಪ ಆಮ್ಲಜನಕ ಬೇಕೇ ಬೇಕು. ಮ್ಯಾಲೇಟ್ ಎಂಬ ಲವಣ ಬೆರೆಸಿದ, ಸಾರಜನಕವಿಲ್ಲದ ತೆಳು ಅಗರ್‌ನಲ್ಲಿ ಬೇರಿನ ತುಣುಕನ್ನಿಟ್ಟರೆ, ಬ್ಯಾಕ್ಟೀರಿಯಾಗಳು ಮೇಲ್ಮೈಯಿಂದ ತುಸು ಕೆಳಗೆ, ತಮಗೆ ಹದವಾದ ಜಾಗದಲ್ಲಿ ಬಿಳಿಯ ಪೊರೆಯಾಗಿ ನಿಲ್ಲುತ್ತವೆ. ಮ್ಯಾಲೇಟ್ ಬಳಕೆಯಾದಂತೆ ಅಗರ್‌ನ ಆಮ್ಲತೆ ತಗ್ಗಿ, ಅದರಲ್ಲಿನ ಸೂಚಕ ಬಣ್ಣ ನೀಲಿಗೆ ತಿರುಗುತ್ತದೆ. ಕ್ಷೇತ್ರದಿಂದ ತಂದ ಬೇರನ್ನು ಯಾರು ಬೇಕಾದರೂ ಪರೀಕ್ಷಿಸಬಹುದಾದ ಈ ಸರಳ ವಿಧಾನವೇ ಅವರ ದೊಡ್ಡ ಕೊಡುಗೆ. 1978ರಲ್ಲಿ ಈ ಗುಂಪಿಗೆ ಅಜೋಸ್ಪಿರಿಲಂ ಎಂಬ ಹೆಸರಾಯಿತು. ಕಬ್ಬಿನ ಒಳಗೇ ವಾಸಿಸುವ ಮತ್ತೊಂದು ಬ್ಯಾಕ್ಟೀರಿಯಾವನ್ನು ಅವರ ತಂಡ 1988ರಲ್ಲಿ ವರದಿ ಮಾಡಿತು.

ಆರಂಭದ ಉತ್ಸಾಹ ವಾಸ್ತವಕ್ಕಿಂತ ಮುಂದೆ ಓಡಿತ್ತು ಎನ್ನಲೇಬೇಕು. ಬೆಳೆಗೆ ಅಜೋಸ್ಪಿರಿಲಂ ಕೊಟ್ಟು ನಡೆಸಿದ ಎರಡು ದಶಕಗಳ ಕ್ಷೇತ್ರ ಪ್ರಯೋಗಗಳ 1994ರ ಸಮೀಕ್ಷೆಯ ಪ್ರಕಾರ ಶೇಕಡಾ 60–70ರಷ್ಟು ಪ್ರಯೋಗಗಳು ಫಲ ನೀಡಿದ್ದವು. ಇಳುವರಿ ಹೆಚ್ಚಳ ಶೇಕಡಾ 5ರಿಂದ 30. ಬ್ಯಾಕ್ಟೀರಿಯಾ ಸ್ರವಿಸುವ ಹಾರ್ಮೋನುಗಳಿಂದ ಬೇರು ಕವಲೊಡೆದು, ನೀರು ಮತ್ತು ಪೋಷಕಾಂಶ ಹೀರುವ ಶಕ್ತಿ ಹೆಚ್ಚುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಗಾಳಿಯಿಂದ ಹಿಡಿದ ಸಾರಜನಕದ ಪಾಲು ನಿರೀಕ್ಷೆಗಿಂತ ಕಡಿಮೆ. ಯೂರಿಯಾಕ್ಕೆ ಪೂರ್ತಿ ಬದಲಿ ಎಂಬ ಮಾತಿಗೆ ಆಧಾರವಿಲ್ಲ.

ಕರ್ನಾಟಕದಲ್ಲೂ ರಾಗಿ, ಜೋಳಗಳಿಗೆ ಅಜೋಸ್ಪಿರಿಲಂ ಜೈವಿಕ ಗೊಬ್ಬರವಾಗಿ ಬಳಕೆಯಲ್ಲಿದೆ. ಆರಿದ ಬೆಲ್ಲದ ನೀರಿನಲ್ಲಿ ಅದನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ಕೂಡಲೇ ಬಿತ್ತುತ್ತಾರೆ. ಜೀವಿಗಳು ಸಾಯುವುದರಿಂದ ಬಿಸಿಲಲ್ಲಿ ಇಡುವಂತಿಲ್ಲ, ರಾಸಾಯನಿಕ ಗೊಬ್ಬರದ ಜೊತೆ ಬೆರೆಸುವಂತಿಲ್ಲ.