ಏಳು ಕಡೆಯ ಮಾತು, ಎಪ್ಪತ್ತು ವರ್ಷಗಳ ವಾದ

ಕನ್ನಡದ ಹಳೆಯ ಸತ್ಯವೇದದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿಯಲ್ಲಿ ಕಳ್ಳರು, ಲೋಭಿಗಳ ಜೊತೆಗೆ ಎರಡು ಪದಗಳು ಅಕ್ಕಪಕ್ಕ ಕೂತಿವೆ: ವಿಟರು, ಪುರುಷಗಾಮಿಗಳು. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ‘ಮಲಕೊಯ್’ ಮತ್ತು ‘ಅರ್ಸೆನೊಕೊಯ್ತೈ’. 1946ರಲ್ಲಿ ಅಮೆರಿಕದಲ್ಲಿ ಹೊರಬಂದ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ ಹೊಸ ಒಡಂಬಡಿಕೆ ಈ ಎರಡನ್ನೂ ಕೂಡಿಸಿ ‘ಹೋಮೋಸೆಕ್ಷುವಲ್ಸ್’ ಎಂಬ ಒಂದೇ ಪದವಿಟ್ಟಿತು. ಕನ್ನಡದ ವಿಟನಾದರೋ ವೇಶ್ಯೆಯರ ಮನೆಗೆ ಎಡತಾಕುವ ಗಂಡಸು. ‘ಮಲಕೊಯ್’ ಎಂದರೆ ಮೂಲದಲ್ಲಿ ಬರೀ ‘ಮೆತ್ತಗಿನವರು’. ಮತ್ತಾಯನ ಸುವಾರ್ತೆಯಲ್ಲಿ ಅದೇ ಪದ ನವಿರಾದ ಬಟ್ಟೆಗೆ ಬಳಕೆಯಾಗಿದೆ.

‘ಹೋಮೋಸೆಕ್ಷುವಲ್’ ಎಂಬ ಪದ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1869ರಲ್ಲಿ, ಕಾರ್ಲ್ ಮರಿಯಾ ಕೆರ್ಟ್‌ಬೆನಿ ಜರ್ಮನ್‌ನಲ್ಲಿ ಬರೆದ ಕಿರುಹೊತ್ತಗೆಯಲ್ಲಿ. ಅದನ್ನು ಒಂದನೆಯ ಶತಮಾನದ ಪತ್ರಿಕೆಯೊಂದರ ಒಳಗೆ ಇಡಬಹುದೇ? ಕೆನಡಾದ ಒಬ್ಬ ದೈವಶಾಸ್ತ್ರ ವಿದ್ಯಾರ್ಥಿ 1959ರಲ್ಲಿ ಅನುವಾದ ಸಮಿತಿಯ ಮುಖ್ಯಸ್ಥ ಲೂಥರ್ ವೈಗ್ಲಿಗೆ ಪತ್ರ ಬರೆದು ಆಕ್ಷೇಪಿಸಿದ. 1971ರ ಎರಡನೆಯ ಆವೃತ್ತಿಯಲ್ಲಿ ಪದ ಬದಲಾಯಿತು. ಅಷ್ಟರಲ್ಲಿ ಬೇರೆ ಇಂಗ್ಲಿಷ್ ಅನುವಾದಗಳು ಅದನ್ನು ಎತ್ತಿಕೊಂಡಿದ್ದವು, ಪ್ರಸಂಗಪೀಠಗಳಲ್ಲಿ ಅದು ಬೇರೂರಿತ್ತು.

ಅನುವಾದದ ಈ ಜಗಳ ಒಂದು ದೊಡ್ಡ ಕಥೆಯ ಒಂದು ಅಂಕ. ಸಲಿಂಗ ಸಂಬಂಧದ ಚರ್ಚೆಯಲ್ಲಿ ಬೈಬಲಿನಿಂದ ಉದ್ಧರಿಸಲಾಗುವುದು ಹೆಚ್ಚೆಂದರೆ ಏಳು ಕಡೆ: ಆದಿಕಾಂಡ 19ರ ಸೊದೋಮಿನ ಕಥೆ, ಯಾಜಕಕಾಂಡ 18 ಮತ್ತು 20ರ ಎರಡು ವಿಧಿಗಳು, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ, 1 ಕೊರಿಂಥ 6, 1 ತಿಮೊಥೆ 1 ಮತ್ತು ಯೂದನ ಪತ್ರಿಕೆ. ಎಪ್ಪತ್ತು ವರ್ಷಗಳಿಂದ ಪಂಡಿತರು ಈ ಏಳನ್ನೇ ಜಾಲಾಡಿದ್ದಾರೆ. ಎರಡೂ ಪಾಳೆಯದವರು ಒಂದಷ್ಟು ನೆಲ ಬಿಟ್ಟುಕೊಟ್ಟಿದ್ದಾರೆ. ಈಗ ಜಗಳ ಉಳಿದಿರುವುದು ಈ ವಚನಗಳಿಗಿಂತ ಹೆಚ್ಚಾಗಿ, ಇವನ್ನು ಯಾವ ಬೆಳಕಿನಲ್ಲಿ ಓದಬೇಕು ಎಂಬುದರ ಮೇಲೆ.

ಸೊದೋಮಿನಿಂದ 377ರವರೆಗೆ

ಸೊದೋಮಿನ ಪಾಪ ಯಾವುದು? ಪ್ರವಾದಿ ಯೆಹೆಜ್ಕೇಲ ಹದಿನಾರನೆಯ ಅಧ್ಯಾಯದಲ್ಲಿ ಕೊಡುವ ಉತ್ತರ ಗರ್ವ, ಹೊಟ್ಟೆ ತುಂಬಿದ ನಿಶ್ಚಿಂತೆ, ದಿಕ್ಕಿಲ್ಲದವರಿಗೆ ಕೈ ನೀಡದಿರುವುದು. ನಂತರದ ವಚನದಲ್ಲಿ ‘ಅಸಹ್ಯಕಾರ್ಯ’ದ ಮಾತೂ ಇದೆ, ಯಾವುದೆಂದು ಬಿಡಿಸಿ ಹೇಳಿಲ್ಲ. ಅದನ್ನು ಗಂಡು–ಗಂಡಿನ ಕೂಟವೆಂದು ಬಿಡಿಸಿದವರಲ್ಲಿ ಯೇಸುವಿನ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಯೆಹೂದಿ ಚಿಂತಕ ಫೈಲೋ ಮುಖ್ಯ. ಕ್ರೈಸ್ತ ಪಿತೃಗಳು ಆ ಹಾದಿಯಲ್ಲೇ ನಡೆದರು. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಪೀಟರ್ ಡೇಮಿಯನ್ ಪೋಪ್ ಒಂಬತ್ತನೆಯ ಲಿಯೋಗೆ ಇದೇ ವಿಷಯದ ಮೇಲೆ ಒಂದು ಗ್ರಂಥವನ್ನೇ ಬರೆದು ಕಳಿಸಿದ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅದಕ್ಕೆ ತತ್ತ್ವದ ಚೌಕಟ್ಟು ಕಟ್ಟಿದ: ಸಂತಾನಕ್ಕೆ ತೆರೆದಿರದ ಕೂಟ ಪ್ರಕೃತಿಗೆ ವಿರುದ್ಧ.

ಈ ‘ಪ್ರಕೃತಿಗೆ ವಿರುದ್ಧ’ ಎಂಬ ಮಾತು ಮಠದ ಗೋಡೆ ದಾಟಿ ನ್ಯಾಯಾಲಯ ಸೇರಿತು. 1533ರಲ್ಲಿ ಎಂಟನೆಯ ಹೆನ್ರಿಯ ಕಾಲದ ಇಂಗ್ಲೆಂಡ್ ಧರ್ಮಸಭೆಯ ಅಪರಾಧವನ್ನು ರಾಜ್ಯದ ಅಪರಾಧವಾಗಿಸಿ ಮರಣದಂಡನೆ ವಿಧಿಸಿತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನಲ್ಲಿ ಕುಳಿತದ್ದು ಇದೇ ಪರಂಪರೆಯ ಭಾಷೆ.

ಒಂದು ಕ್ರಿಯಾಪದದ ಮೇಲೆ ವ್ಯಾಜ್ಯ

ಆಧುನಿಕ ಚರ್ಚೆ ಆರಂಭವಾದದ್ದು 1955ರಲ್ಲಿ, ಆಂಗ್ಲಿಕನ್ ಗುರು ಡೆರಿಕ್ ಶೆರ್ವಿನ್ ಬೈಲಿಯ ಪುಸ್ತಕದಿಂದ. ಸೊದೋಮಿನ ಜನ ಆ ಊರಿನಲ್ಲಿ ನೆಲೆಸಿದ್ದ ಲೋಟನ ಅತಿಥಿಗಳನ್ನು ‘ಅರಿಯಬೇಕು’ ಎನ್ನುವಲ್ಲಿನ ಹೀಬ್ರೂ ಪದ ‘ಯಾದ’. ಹಳೆ ಒಡಂಬಡಿಕೆಯಲ್ಲಿ ಅದು ಒಂಬೈನೂರಕ್ಕೂ ಹೆಚ್ಚು ಸಲ ಬರುತ್ತದೆ, ಬೆರಳೆಣಿಕೆಯಷ್ಟು ಕಡೆ ಮಾತ್ರ ಮೈಥುನದ ಅರ್ಥದಲ್ಲಿ. ಹಾಗಾಗಿ ಸೊದೋಮಿನವರು ಪರಸ್ಥಳದವರ ಗುರುತು ಕೇಳುತ್ತಿದ್ದರಷ್ಟೇ ಎಂದು ಬೈಲಿ ವಾದಿಸಿದರು. ಆದರೆ ಅದೇ ಕಥೆಯಲ್ಲಿ ಲೋಟ ತನ್ನ ಹೆಣ್ಣುಮಕ್ಕಳು ಗಂಡಸನ್ನು ‘ಅರಿಯದವರು’ ಎನ್ನುವಾಗಲೂ ಬಳಕೆಯಾಗುವುದು ಆ ಕ್ರಿಯಾಪದವೇ. ಬೈಲಿಯ ವಾದ ಅಲ್ಲಿ ಎಡವಿತು; ಆದರೂ ಅವರ ಪ್ರಶ್ನೆ ಉಳಿಯಿತು. ಅಲ್ಲಿ ನಡೆದದ್ದು ಸಾಮೂಹಿಕ ಅತ್ಯಾಚಾರದ ಯತ್ನ, ಅತಿಥಿದ್ರೋಹ. ಇಬ್ಬರು ಒಪ್ಪಿ ಬಾಳುವ ಸಂಬಂಧಕ್ಕೆ ಅದು ಸಾಕ್ಷಿಯಾಗದು ಎಂದು ಇಂದು ಸಂಪ್ರದಾಯವಾದಿಗಳಲ್ಲೂ ಅನೇಕರು ಒಪ್ಪುತ್ತಾರೆ. ಹಳಬರು ಬಿಟ್ಟುಕೊಟ್ಟ ಮೊದಲ ನೆಲ ಇದು.

ಪೌಲ ಕಂಡ ಲೋಕ

1980ರಲ್ಲಿ ಯೇಲ್ ವಿಶ್ವವಿದ್ಯಾಲಯದ ಇತಿಹಾಸಕಾರ ಜಾನ್ ಬಾಸ್ವೆಲ್, ರೋಮಾಪುರದ ಪತ್ರಿಕೆಯಲ್ಲಿ ಪೌಲ ಬೈಯುವುದು ಸ್ವಭಾವತಃ ಸ್ತ್ರೀಯರತ್ತ ಒಲಿದವರು ದಾರಿ ತಪ್ಪುವುದನ್ನು, ಸ್ವಭಾವದಿಂದಲೇ ಸಲಿಂಗಿಗಳಾದವರನ್ನಲ್ಲ ಎಂದರು. 1983ರಲ್ಲಿ ರಾಬಿನ್ ಸ್ಕ್ರಾಗ್ಸ್, ಪೌಲನ ಕಣ್ಣ ಮುಂದಿದ್ದದ್ದು ಗ್ರೀಕ್ ಸಮಾಜದಲ್ಲಿ ಪ್ರೌಢರು ಬಾಲಕರನ್ನು ಬಳಸಿಕೊಳ್ಳುತ್ತಿದ್ದ ಪದ್ಧತಿ ಎಂದರು.

ಉತ್ತರಗಳು ತಡವಾಗಲಿಲ್ಲ. 1984ರಲ್ಲಿ ಡೇವಿಡ್ ರೈಟ್ ಒಂದು ಪದದ ಹುಟ್ಟನ್ನು ಹುಡುಕಿ ತೆಗೆದರು. ಯಾಜಕಕಾಂಡ 20ರ ಪ್ರಾಚೀನ ಗ್ರೀಕ್ ಅನುವಾದದಲ್ಲಿ ‘ಅರ್ಸೆನೊಸ್’ (ಗಂಡಿನ) ಮತ್ತು ‘ಕೊಯ್ತೇನ್’ (ಹಾಸಿಗೆ) ಎಂಬ ಪದಗಳು ಒಂದರ ಪಕ್ಕ ಒಂದಿವೆ. ‘ಅರ್ಸೆನೊಕೊಯ್ತೈ’ ಅವನ್ನು ಬೆಸೆದು ಮಾಡಿದ್ದು, ಆದ್ದರಿಂದ ಅದರ ಅರ್ಥ ಬಾಲಕರ ಶೋಷಣೆಗೆ ಸೀಮಿತವಲ್ಲ ಎಂಬುದು ಅವರ ತೀರ್ಮಾನ. ಪದದ ಬೇರು ತಿಳಿದರೆ ಬಳಕೆಯ ಅರ್ಥ ತಿಳಿದಂತಲ್ಲ ಎಂದು 1996ರಲ್ಲಿ ಡೇಲ್ ಮಾರ್ಟಿನ್ ಆಕ್ಷೇಪಿಸಿದರು. ಅದೇ ವರ್ಷ ಬರ್ನಡೆಟ್ ಬ್ರೂಟನ್ ಹೆಣ್ಣು–ಹೆಣ್ಣಿನ ಪ್ರೇಮದ ಪ್ರಾಚೀನ ದಾಖಲೆಗಳನ್ನು ಗುಡ್ಡೆಹಾಕಿ, ಆ ಕಾಲದ ಜ್ಯೋತಿಷಿಗಳಿಗೂ ಹುಟ್ಟಿನಿಂದ ಬರುವ ಒಲವಿನ ಕಲ್ಪನೆ ಇತ್ತೆಂದು ತೋರಿಸಿದರು. ಪೌಲ ಸ್ತ್ರೀಯರನ್ನೂ ಸೇರಿಸಿ ಖಂಡಿಸಿದ್ದು ನಿಜ. ಆ ಖಂಡನೆ ಗಂಡು ಮೇಲು, ಹೆಣ್ಣು ಕೀಳೆಂಬ ಅಂದಿನ ಶ್ರೇಣಿಯಲ್ಲಿ ಹುಟ್ಟಿದ್ದರಿಂದ ನಮ್ಮನ್ನು ಕಟ್ಟಿಹಾಕಬಾರದು ಎಂಬುದು ಅವರ ನಿಲುವು.

ಸುಧಾರಣಾವಾದಿಗಳು ನೆಲ ಬಿಟ್ಟುಕೊಟ್ಟದ್ದು ಇಲ್ಲಿ. ಸಲಿಂಗ ವಿವಾಹವನ್ನು ಬೆಂಬಲಿಸುವ ಆಸ್ಟ್ರೇಲಿಯದ ವಿಲಿಯಂ ಲೋಡರ್ ಕೂಡ, ಪೌಲನ ಮಾತು ಎಲ್ಲ ಸಲಿಂಗ ಕೂಟಕ್ಕೂ ಅನ್ವಯಿಸುತ್ತದೆ ಎಂದೇ ಓದುತ್ತಾರೆ. 2007ರಲ್ಲಿ ಲ್ಯೂಕ್ ತಿಮೊತಿ ಜಾನ್ಸನ್ ಇನ್ನೂ ನೇರವಾದರು: ನಾವು ಇಲ್ಲಿ ಶಾಸ್ತ್ರದ ಸ್ಪಷ್ಟ ಆಜ್ಞೆಯನ್ನು ಬದಿಗಿಡುತ್ತಿದ್ದೇವೆ, ಜನರ ಬದುಕಿನಲ್ಲಿ ದೇವರು ಮಾಡುತ್ತಿರುವ ಕೆಲಸವೇ ನಮಗೆ ಆಧಾರ ಎಂದರು.

ಯಾವ ಕಥೆ ಚೌಕಟ್ಟು?

ಹೀಗೆ ಪದಗಳ ಜಗಳ ಚೌಕಟ್ಟಿನ ಜಗಳವಾಯಿತು. ರಾಬರ್ಟ್ ಗ್ಯಾಗ್ನನ್ 2001ರ ತಮ್ಮ ದಪ್ಪ ಗ್ರಂಥದಲ್ಲಿ ಹಿಡಿದದ್ದು ಆದಿಕಾಂಡದ ಮೊದಲ ಅಧ್ಯಾಯಗಳನ್ನು: ಗಂಡು ಹೆಣ್ಣು ಪರಸ್ಪರ ಪೂರಕವಾಗಿ ಸೃಷ್ಟಿಯಾದವರು, ಯೇಸುವೂ ಮತ್ತಾಯ 19ರಲ್ಲಿ ಅದನ್ನೇ ನೆನಪಿಸುತ್ತಾನೆ. ಅದೇ ವರ್ಷ ವಿಲಿಯಂ ವೆಬ್, ಗುಲಾಮಗಿರಿ ಮತ್ತು ಸ್ತ್ರೀಯರ ಸ್ಥಾನದ ವಿಷಯದಲ್ಲಿ ಬೈಬಲಿನೊಳಗೇ ಬಿಡುಗಡೆಯತ್ತ ಚಲನೆ ಕಾಣುತ್ತದೆ, ಸಲಿಂಗ ಸಂಬಂಧದ ವಿಷಯದಲ್ಲಿ ಅದು ಕಾಣದು ಎಂದು ವಾದಿಸಿದರು.

ಎದುರು ಪಾಳೆಯ ಹಿಡಿದದ್ದು ಅಪೊಸ್ತಲರ ಕೃತ್ಯಗಳ 10ರಿಂದ 15ನೆಯ ಅಧ್ಯಾಯಗಳನ್ನು. ಸುನ್ನತಿಯಿಲ್ಲದ ಕೊರ್ನೇಲ್ಯನ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಂಡು ಪೇತ್ರ ಶಾಸ್ತ್ರವನ್ನು ಹೊಸದಾಗಿ ಓದಬೇಕಾಯಿತಲ್ಲ! ಇವರು ಎತ್ತಿ ತೋರುವ ಇನ್ನೊಂದು ಸೂಕ್ಷ್ಮವಿದೆ. ಪೌಲ ರೋಮಾಪುರದ ಮೊದಲ ಅಧ್ಯಾಯದಲ್ಲಿ ಬಳಸುವ ‘ಪ್ರಕೃತಿಗೆ ವಿರುದ್ಧ’ ಎಂಬ ಗ್ರೀಕ್ ನುಡಿಗಟ್ಟನ್ನೇ ಹನ್ನೊಂದನೆಯ ಅಧ್ಯಾಯದಲ್ಲಿ ದೇವರ ಕೆಲಸಕ್ಕೂ ಬಳಸುತ್ತಾನೆ: ಅನ್ಯಜನರನ್ನು ಕಾಡು ಎಣ್ಣೆಮರದ ಕೊಂಬೆಯಂತೆ ಊರ ಮರಕ್ಕೆ ಕಸಿ ಕಟ್ಟಿದ್ದು ಪ್ರಕೃತಿಗೆ ವಿರುದ್ಧವಾಗಿಯೇ.

ಇವೆರಡರ ನಡುವೆ ಮೂರನೆಯ ದನಿಯೊಂದಿದೆ. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳುತ್ತಲೇ ಸಂಪ್ರದಾಯದ ಓದನ್ನು ಒಪ್ಪಿ ಬ್ರಹ್ಮಚರ್ಯ ಆರಿಸಿಕೊಂಡ ವೆಸ್ಲಿ ಹಿಲ್ 2010ರಲ್ಲಿ ಬರೆದ ಪುಸ್ತಕ, ಒಂಟಿಯಾಗಿ ಬಾಳು ಎನ್ನುವ ಸಭೆ ಆ ಒಂಟಿತನವನ್ನು ಹಂಚಿಕೊಳ್ಳುತ್ತದೆಯೇ ಎಂದು ಕೇಳಿತು.

ಸಭೆಗಳು, ತೀರ್ಪುಗಳು

ಕಥೊಲಿಕ ಧರ್ಮಸಭೆ ಶಾಸ್ತ್ರದ ಜೊತೆ ಪ್ರಕೃತಿಧರ್ಮವನ್ನೂ ಆಧಾರವಾಗಿ ಹಿಡಿಯುತ್ತದೆ. ಅದರ 1992ರ ಧರ್ಮೋಪದೇಶ ಗ್ರಂಥ ಕೃತ್ಯವನ್ನು ಕ್ರಮಗೆಟ್ಟದ್ದು ಎನ್ನುತ್ತದೆ, ವ್ಯಕ್ತಿಯನ್ನು ಗೌರವದಿಂದ ಕಾಣಬೇಕು ಎನ್ನುತ್ತದೆ. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ವಿವಾಹದ ಬೋಧನೆ ಬದಲಿಸದೆ, ಪೂಜಾವಿಧಿಯ ಹೊರಗೆ ಸಲಿಂಗ ಜೋಡಿಗಳನ್ನು ಆಶೀರ್ವದಿಸಬಹುದು ಎಂದಿತು. ಆಫ್ರಿಕಾದ ಬಿಷಪ್ಪರು ನಮ್ಮಲ್ಲಿ ಬೇಡವೆಂದರು. ಆಂಗ್ಲಿಕನ್ ಬಳಗ 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ 526–70 ಮತಗಳಿಂದ ಹಳೆಯ ಓದನ್ನೇ ಎತ್ತಿಹಿಡಿಯಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 1972ರಿಂದಿದ್ದ ಖಂಡನೆಯ ವಾಕ್ಯವನ್ನು 2024ರಲ್ಲಿ ತೆಗೆದುಹಾಕಿತು, ಏಳು ಸಾವಿರಕ್ಕೂ ಹೆಚ್ಚು ಸ್ಥಳೀಯ ಸಭೆಗಳು ಹೊರನಡೆದ ಮೇಲೆ.

ಭಾರತದಲ್ಲಿ ಚರ್ಚೆಗೆ ಬಿಸಿ ಹತ್ತಿಸಿದ್ದು ನ್ಯಾಯಾಲಯ. 2009ರಲ್ಲಿ ದೆಹಲಿ ಹೈಕೋರ್ಟ್ 377ನ್ನು ಸಡಿಲಿಸಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಪೊಸ್ತಲಿಕ್ ಚರ್ಚಸ್ ಅಲೈಯನ್ಸ್, ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್ ಇದ್ದವು. 2013ರಲ್ಲಿ ಕಲಮು ಮರಳಿ ಬಂದಾಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್, ಸಲಿಂಗ ವಿವಾಹವನ್ನು ವಿರೋಧಿಸುತ್ತಲೇ, ಸಲಿಂಗಿಗಳನ್ನು ಅಪರಾಧಿಗಳೆನ್ನುವುದು ಸಲ್ಲದು ಎಂದರು. 2015ರಲ್ಲಿ ಜಾರ್ಜ್ ಜಕರಾಯ ಮತ್ತು ವಿನ್ಸೆಂಟ್ ರಾಜಕುಮಾರ್ ಸಂಪಾದಿಸಿ ಬೆಂಗಳೂರಿನಿಂದ ಹೊರತಂದ ಪ್ರಬಂಧಸಂಗ್ರಹ ಸಭೆಯೊಳಗಿನ ಸಲಿಂಗಿದ್ವೇಷವನ್ನೇ ಪ್ರಶ್ನಿಸಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು.

ಒಬ್ಬ ಓದುಗನ ಪಯಣ

ಈ ಇಡೀ ಇತಿಹಾಸವನ್ನು ಒಬ್ಬರ ಬದುಕಿನಲ್ಲೇ ನೋಡಬಹುದು. ಹೊಸ ಒಡಂಬಡಿಕೆಯ ವಿದ್ವಾಂಸ ರಿಚರ್ಡ್ ಹೇಸ್ 1986ರಲ್ಲಿ ಬಾಸ್ವೆಲ್ ವಾದವನ್ನು ವಚನ ವಚನವಾಗಿ ಖಂಡಿಸಿದರು. 1996ರ ಅವರ ನೀತಿಗ್ರಂಥ ಸಂಪ್ರದಾಯದ ಓದಿಗೆ ಗಟ್ಟಿ ಆಸರೆಯಾಯಿತು. 2024ರಲ್ಲಿ ಮಗ ಕ್ರಿಸ್ಟೋಫರ್ ಜೊತೆ ಬರೆದ ಪುಸ್ತಕದಲ್ಲಿ ಅವರು ತಮ್ಮ ನಿಲುವನ್ನು ತಿರುಗಿಸಿದರು. ಕುತೂಹಲವೆಂದರೆ, ಅಪ್ಪ–ಮಗ ಆ ಏಳು ಕಡೆಯ ವಚನಗಳನ್ನು ಮತ್ತೆ ಬಿಡಿಸಲು ಹೋಗಲೇ ಇಲ್ಲ. ದೇವರ ಕರುಣೆ ಹಿಗ್ಗುತ್ತಾ ಹೋಗುವ ಕಥೆಯನ್ನು ಬೈಬಲಿನ ಉದ್ದಕ್ಕೂ ಹಿಡಿದರು. ವಚನಗಳಿಗೆ ಉತ್ತರವೆಲ್ಲಿ ಎಂದು ಗ್ಯಾಗ್ನನ್‌ರಂಥವರು ಕೇಳಿದರು. 2025ರ ಜನವರಿಯಲ್ಲಿ ಹೇಸ್ ತೀರಿಕೊಂಡರು.

ಇತ್ತ ಕನ್ನಡದಲ್ಲಿ ಪದದ ಪ್ರಶ್ನೆ ಇನ್ನೂ ತೆರೆದೇ ಇದೆ. ‘ಪುರುಷಗಾಮಿ’ ಒಂದು ಕೃತ್ಯವನ್ನು ಹೆಸರಿಸುತ್ತದೆ. ‘ಸಲಿಂಗಕಾಮಿ’ ಒಬ್ಬ ಮನುಷ್ಯನನ್ನೇ ಕಾಮದಿಂದ ಗುರುತಿಸುತ್ತದೆ. ಆ ಮನುಷ್ಯರಲ್ಲಿ ಹಲವರಿಗೆ ಬೇಕಿರುವುದು ‘ಸಲಿಂಗ ಪ್ರೇಮಿ’. ಸತ್ಯವೇದದ ಪರಿಷ್ಕರಣೆಗೆ ಮುಂದೆ ಕೈ ಹಾಕುವವರು ಕೊರಿಂಥ ಪತ್ರಿಕೆಯ ಆ ಒಂದು ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ ಯೋಚಿಸಬೇಕಾಗುತ್ತದೆ. ಅವರು ಯಾವ ಪದ ಬರೆದರೂ, ಅದನ್ನು ಭಾನುವಾರ ಗಟ್ಟಿಯಾಗಿ ಓದುವಾಗ ಬೆಂಚಿನ ಮೇಲೆ ಕೂತು ಕೇಳುವವರಲ್ಲಿ ಅದು ಯಾರ ಬಗೆಗಿನ ಮಾತೋ ಅವರೂ ಇರುತ್ತಾರೆ.